ಕೊಲ್ಹಾರದ ಮೊಸರು ತರ್ತೀನಿ ಅಂದವನು: ಹೊಸ ಪ್ರೀತಿಯ ಕತೆಯಲ್ಲಿ ನಂಬಿಕೆ ಬರೆಯುವ ಬಗೆ

ವಿಜಯಪುರದಲ್ಲಿ ನಾವು ನಾಲ್ಕೈದು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಕೂತು ಕತೆ ಓದುತ್ತೇವೆ. ಬರೆದವರೇ ಓದಬೇಕು, ಉಳಿದವರು ಚಹಾ ಕುಡಿಯುತ್ತಾ ಕೇಳಬೇಕು. ಪ್ರೀತಿಯ ಕತೆಗಳೇ ಜಾಸ್ತಿ ಬರುತ್ತವೆ. ಅವುಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ: "ನಿನ್ನ ಮ್ಯಾಲ ನನಗ ಪೂರ್ತಿ ನಂಬಿಕಿ ಐತಿ." ಹುಡುಗ ಹುಡುಗಿ ಭೇಟಿಯಾಗಿ ಎರಡು ವಾರ ಆಗಿರುತ್ತದೆ ಅಷ್ಟೆ. ಆ ಸಾಲು ಬಂದಾಗ ಕೇಳುವವರ ಮುಖ ನೋಡುತ್ತೇನೆ. ಒಬ್ಬರಿಗೂ ನಂಬಿಕೆ ಬಂದಿರುವುದಿಲ್ಲ.

ನನ್ನ ಮೊದಲ ಕತೆಗಳಲ್ಲೂ ಇದೇ ತಪ್ಪಿತ್ತು. ಅದರಿಂದ ಹೊರಬರುವ ದಾರಿ ನನಗೆ ಸಿಕ್ಕಿದ್ದು ನಮ್ಮ ಭಾಷೆಯ ಒಂದು ಪದದಲ್ಲಿ. ಮಾತು. ನಾವು ಮಾತು ತೆಗೆಯುತ್ತೇವೆ, ಮಾತು ಆಡುತ್ತೇವೆ, ಮಾತು ಕೊಡುತ್ತೇವೆ, ಮಾತು ಉಳಿಸಿಕೊಳ್ಳುತ್ತೇವೆ, ಮಾತು ತಪ್ಪುತ್ತೇವೆ, ಸಿಟ್ಟು ಬಂದರೆ ಮಾತು ಬಿಡುತ್ತೇವೆ. ಸುಮ್ನೆ ಹರಟುವುದಕ್ಕೂ ಮಾತು, ಜೀವ ಹೋದರೂ ಕಾಯಬೇಕಾದ್ದಕ್ಕೂ ಮಾತು. ಹೊಸ ಜೋಡಿಯ ಕತೆ ಬರೆಯುವವರು ಇದನ್ನೇ ಹಿಡಿದು ಹೋಗಬಹುದು. ಹೇಗೆ ಅಂತ ಒಂದು ಜೋಡಿಯನ್ನು ಇಟ್ಟುಕೊಂಡೇ ನೋಡೋಣ.

ಮೊದಲು: ಇಬ್ಬರೂ ಎಲ್ಲಿ ನಿಂತಿದ್ದಾರೆ?

ಹುಡುಗ ಮಲ್ಲು. ತಿಕೋಟಾ ಹತ್ತಿರ ಅವರ ಮನೆಯವರದು ನಾಲ್ಕು ಎಕರೆ ದ್ರಾಕ್ಷಿ ತೋಟ. ಹುಡುಗಿ ರೇಣುಕಾ. ಬಾಗಲಕೋಟೆಯ ನವನಗರದಲ್ಲಿ ಮನೆ, ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಕನ್ಯಾ ನೋಡಿದ್ದಾಗಿದೆ, ಜನವರಿಯಲ್ಲಿ ನಿಶ್ಚಯ ಆಗಿದೆ, ಮದುವೆ ಮೇ ತಿಂಗಳಲ್ಲಿ. ನಡುವೆ ನಾಲ್ಕು ತಿಂಗಳು, ಒಂದು ಫೋನು.

ಈ ನಾಲ್ಕು ತಿಂಗಳು ನಮ್ಮ ಕಡೆಯ ಕತೆಗಾರರಿಗೆ ಬಂಗಾರದಂಥ ಕಾಲ. ಇಬ್ಬರೂ ಇನ್ನೂ ಗಂಡ ಹೆಂಡತಿ ಅಲ್ಲ, ಬೇರೆಯವರೂ ಅಲ್ಲ. ಮಾತಾಡಲು ಮನೆಯವರ ಒಪ್ಪಿಗೆ ಇದೆ, ಆದರೆ ಎಷ್ಟು ಮಾತಾಡಬಹುದು ಅಂತ ಯಾರೂ ಹೇಳಿರುವುದಿಲ್ಲ. ನಿಮ್ಮ ಜೋಡಿ ಕಾಲೇಜಿನಲ್ಲಿ ಪ್ರೀತಿಸಿದವರಾಗಿರಬಹುದು, ಬೇರೆ ಜಾತಿಯವರಾಗಿರಬಹುದು, ಎರಡನೇ ಮದುವೆಯವರಾಗಿರಬಹುದು. ಯಾರೇ ಆಗಲಿ, ಬರೆಯುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಈ ಸಂಬಂಧ ಯಾರಿಗೆ ಗೊತ್ತು? ಯಾರಿಗೆ ಗೊತ್ತಿಲ್ಲ? ಗೊತ್ತಾದರೆ ಮೊದಲು ಯಾರು ಅಳುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕತೆ ಸಿಕ್ಕಂತೆ.

ಊರನ್ನೂ ಸುಮ್ನೆ ಹೆಸರಿಗೆ ಇಡಬೇಡಿ. ನವನಗರ ಹುಟ್ಟಿದ್ದೇ ಆಲಮಟ್ಟಿಯ ಹಿನ್ನೀರಿನಿಂದ. ಹಳೇ ಬಾಗಲಕೋಟೆಯ ಎಷ್ಟೋ ಮನೆಗಳು ಮುಳುಗಡೆ ಆಗಿ ಜನ ಸೆಕ್ಟರ್ ನಂಬರಿನ ಮನೆಗಳಿಗೆ ಬಂದರು. ಅಣೆಕಟ್ಟಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಮುಳುಗಡೆಯ ಮಾತು ಇವತ್ತಿಗೂ ಮನೆ ಮನೆಯಲ್ಲಿ ನಡೆದಿದೆ. ರೇಣುಕಾಳ ಆಯಿ, ಅಂದರೆ ಅಜ್ಜಿ, ಆ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದವಳು. ವರ ನೋಡಲು ತಿಕೋಟಾಕ್ಕೆ ಹೋದಾಗ ಅವಳು ಕೇಳಿದ ಮೊದಲ ಪ್ರಶ್ನೆ: "ಈ ಹೊಲ ನಿಮ್ಮ ಹೆಸರಿಲೇನ ಐತೆನ್ರಿ?" ಒಂದು ಸಲ ಮನೆ ಕಳಕೊಂಡ ಮುದುಕಿ ಕೇಳುವ ಪ್ರಶ್ನೆ ಇದು. ಮುಂದೆ ಮಲ್ಲು ಸಾಲ ಮುಚ್ಚಿಟ್ಟಾಗ ಈ ಮನೆಗೆ ಅದು ಯಾಕೆ ಅಷ್ಟು ನೋವು ಕೊಡುತ್ತದೆ ಅಂತ ನೀವು ಬೇರೆ ವಿವರಿಸಬೇಕಾಗಿಲ್ಲ.

ನೀವು, ನೀ, ರೀ

ಕನ್ನಡದಲ್ಲಿ ಪ್ರೀತಿ ಎಷ್ಟು ಹತ್ತಿರ ಬಂತು ಅಂತ ಅಳೆಯಲು ಇದಕ್ಕಿಂತ ಒಳ್ಳೆ ಅಳತೆಗೋಲು ಇಲ್ಲ. ನಿಶ್ಚಯ ಆದ ಹೊಸದರಲ್ಲಿ ಇಬ್ಬರೂ "ಊಟ ಆತೇನ್ರಿ?" ಅನ್ನುತ್ತಾರೆ. ಹುಡುಗ ಬೇಗ "ನೀ" ಅನ್ನಲು ಶುರು ಮಾಡುತ್ತಾನೆ. ಹುಡುಗಿಗೆ ಅದು ಇಷ್ಟವಾಯಿತೋ ಇಲ್ಲವೋ ಅಂತ ಅವನು ಕೇಳಿದನಾ? ಅಲ್ಲೇ ಒಂದು ದೃಶ್ಯ ಇದೆ ನೋಡಿ.

"ನಾ ನಿಮಗ ನೀ ಅನ್ಲೇನ್ರಿ?" ಅಂತ ಮಲ್ಲು ಕೇಳಿದ ಅಂದುಕೊಳ್ಳಿ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಇನ್ನೊಂದು ಸ್ವಲ್ಪ ದಿನ ಹೋಗ್ಲಿರಿ." ಅವನು "ಆತ್ರಿ" ಅಂದ. ಮುಂದಿನ ಹತ್ತು ಪುಟ ಅವನು ನೀವು ಅಂತಲೇ ಮಾತಾಡಬೇಕು. ತಪ್ಪಿ ಒಮ್ಮೆ ನೀ ಅಂದು ಸರಿ ಮಾಡಿಕೊಳ್ಳಬೇಕು. ಓದುವವರು ಈ ಹುಡುಗನನ್ನು ನಂಬಲು ಶುರು ಮಾಡುವುದು ಇಲ್ಲಿಂದ.

ಆಡುಮಾತಿನ ಬಗ್ಗೆ ಒಂದು ಮಾತು. ಬಾಗಲಕೋಟೆ, ಬೆಳಗಾವಿ ಕಡೆ "ಐತಿ" ಜಾಸ್ತಿ ಕೇಳುತ್ತದೆ, ವಿಜಯಪುರ ಜಿಲ್ಲೆಯ ಎಷ್ಟೋ ಊರುಗಳಲ್ಲಿ "ಅದ" ಅನ್ನುತ್ತಾರೆ. ಎಲ್ಲ ಪಾತ್ರಗಳ ಬಾಯಲ್ಲೂ ಒಂದೇ ಉತ್ತರ ಕರ್ನಾಟಕದ ಭಾಷೆ ಹಾಕಬೇಡಿ. ಇಬ್ಬರ ಮಾತು ಬೇರೆ ಇದ್ದರೆ, ಮೂರನೇ ತಿಂಗಳಲ್ಲಿ ರೇಣುಕಾಳ ಬಾಯಿಂದ ಅವಳಿಗೇ ಗೊತ್ತಿಲ್ಲದೆ "ಅದ" ಅಂತ ಬಂದುಬಿಡಬಹುದು. ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಮಗಳ ಮುಖ ನೋಡಲಿ. ಇಲ್ಲಿ ಪ್ರೀತಿ ಅನ್ನುವ ಪದವೇ ಬೇಡ.

ಸಣ್ಣ ಮಾತೊಂದು ಕೊಡಿಸಿ

"ಸಾಯೋತನಕ ನಿನ್ನ ಬಿಡಂಗಿಲ್ಲ" ಅನ್ನುವ ಮಾತು ಕತೆಗಾರರಿಗೆ ಉಪಯೋಗಕ್ಕೆ ಬರುವುದಿಲ್ಲ. ಅದು ಉಳಿಯಿತೋ ತಪ್ಪಿತೋ ಅಂತ ನೋಡಲು ಪಾತ್ರ ಸಾಯುವವರೆಗೆ ಕಾಯಬೇಕು. ವಾರದೊಳಗೆ ಪರೀಕ್ಷೆ ಆಗುವಂಥ ಮಾತು ಬೇಕು.

ವಿಜಯಪುರದಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಬಂದವರಿಗೆ ಗೊತ್ತು, ನಡುವೆ ಕೊಲ್ಹಾರ ಬರುತ್ತದೆ. ಕೃಷ್ಣೆಯ ಸೇತುವೆಗೆ ಮುಂಚೆ. ಅಲ್ಲಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು ಮಾರುತ್ತಾರೆ. "ಮುಂದಿನ ಐತವಾರ ಬರ್ತೀನ್ರಿ. ಬರೂ ಮುಂದ ಕೊಲ್ಹಾರದ ಮೊಸರು ತರ್ತೀನಿ" ಅಂತ ಮಲ್ಲು ಹೇಳುತ್ತಾನೆ. ರೇಣುಕಾಳ ಆಯಿಗೆ ಆ ಮೊಸರು ಅಂದರೆ ಜೀವ. ಅವಳು ಆಯಿಗೆ ಹೇಳಿಯೇ ಬಿಡುತ್ತಾಳೆ. ಭಾನುವಾರ ಅವನು ಬರುತ್ತಾನೆ, ಕೈಯಲ್ಲಿ ಒಂದು ಬೇಕರಿ ಪೆಟ್ಟಿಗೆ. ಬಸ್ಸು ನಿಲ್ಲಲಿಲ್ಲ ಅನ್ನುತ್ತಾನೆ.

ಯಾರೂ ಬೇಸರ ತೋರಿಸುವುದಿಲ್ಲ. ಹೊಸ ಅಳಿಯ ಅಲ್ವಾ. ಆಯಿ ಮಾತ್ರ ಊಟಕ್ಕೆ ಕೂತಾಗ ಮನೆಯ ಮೊಸರನ್ನೇ ರೊಟ್ಟಿ ಮೇಲೆ ಹಾಕಿಕೊಂಡು, "ಕೊಲ್ಹಾರದಾಗ ಬಸ್ಸ ನಿಂದ್ರತೈತೆಪ್ಪ" ಅನ್ನುತ್ತಾಳೆ. ಅಷ್ಟೇ ಸಾಕು. ಓದುವವರ ಮನಸ್ಸಿನಲ್ಲಿ ಒಂದು ಗಡಿಗೆ ಖಾಲಿ ಉಳಿಯುತ್ತದೆ. ಅದನ್ನು ಎಲ್ಲಿ ತುಂಬುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿ.

ಮುಚ್ಚಿಟ್ಟಿದ್ದು ಏನು, ಯಾಕೆ

ಹೊಸ ಸಂಬಂಧದಲ್ಲಿ ಇಬ್ಬರೂ ಏನನ್ನಾದರೂ ಮುಚ್ಚಿಟ್ಟಿರುತ್ತಾರೆ. ಇಬ್ಬರೂ ಅನ್ನುವುದನ್ನು ಗಮನಿಸಿ. ಒಬ್ಬನನ್ನೇ ತಪ್ಪುಗಾರ ಮಾಡಿ ಇನ್ನೊಬ್ಬಳನ್ನು ದೇವತೆ ಮಾಡಿದರೆ ಕತೆಯಲ್ಲಿ ಮಾತುಕತೆಗೆ ಜಾಗವೇ ಇರುವುದಿಲ್ಲ, ಬರೀ ತೀರ್ಪು ಉಳಿಯುತ್ತದೆ.

ಮಲ್ಲು ಮುಚ್ಚಿಟ್ಟಿದ್ದು ಸಾಲ. ಹೋದ ವರ್ಷ ಬೋರ್‌ವೆಲ್ ಬತ್ತಿ, ಇನ್ನೊಂದು ಕೊರೆಸಿ, ಅದರಲ್ಲೂ ನೀರು ಬೀಳದೆ, ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿದ್ದಾನೆ. ಸೋದರಮಾವನ ಹತ್ತಿರ ನಾಲ್ಕು ಲಕ್ಷ ಕೈಗಡ. ಈ ಸಲದ ಮಣೂಕ ಮಾರಿ ತೀರಿಸುತ್ತೇನೆ ಅಂತ ಮಾವನಿಗೂ ಮಾತು ಕೊಟ್ಟಿದ್ದಾನೆ. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಅನ್ನುತ್ತಾರೆ. ರೇಣುಕಾ ಮುಚ್ಚಿಟ್ಟಿದ್ದು ಬೇರೆ. ಅವಳ ಸಂಬಳದಿಂದ ತಮ್ಮನ ಡಿಪ್ಲೊಮಾ ಫೀ ಹೋಗುತ್ತಿದೆ, ಇನ್ನೂ ಒಂದು ವರ್ಷ ಹೋಗಬೇಕು. ಮದುವೆ ಆದ ಮೇಲೂ ಬಾಗಲಕೋಟೆಯಲ್ಲೇ ಕೆಲಸ ಮಾಡಬೇಕು ಅಂತ ಅವಳ ಮನಸ್ಸಿನಲ್ಲಿದೆ. ಹೇಳಿಲ್ಲ.

ಇಬ್ಬರೂ ಕೆಟ್ಟವರಲ್ಲ. ಅವನಿಗೆ ನಾಚಿಕೆ, ಅವಳಿಗೆ ಹೆದರಿಕೆ. ಯಾಕೆ ಮುಚ್ಚಿಟ್ಟರು ಅನ್ನುವುದಕ್ಕೆ ಒಂದೇ ಪದದ ಉತ್ತರ ಸಿಗುವವರೆಗೆ ಬರೆಯಲು ಕೂರಬೇಡಿ.

ಫೋನಿನ ಮಾತು ಬರೆಯುವುದು

ಇಂದಿನ ಕತೆಯಲ್ಲಿ ಫೋನು ಬಿಟ್ಟು ಪ್ರೀತಿ ಬರೆಯಲು ಆಗುವುದಿಲ್ಲ. ಆದರೆ ಪುಟ ಪೂರ್ತಿ ವಾಟ್ಸ್‌ಆ್ಯಪ್ ಸಂದೇಶ ಹಾಕಿದರೆ ಓದುವವರಿಗೆ ಬೇಸರ ಬರುತ್ತದೆ. ಸಂದೇಶದಲ್ಲಿ ಏನಿದೆ ಅನ್ನುವುದಕ್ಕಿಂತ ಅದರ ಸುತ್ತ ಏನಾಯಿತು ಅನ್ನುವುದನ್ನು ಬರೆಯಿರಿ. ಬರೆದು ಅಳಿಸಿದ್ದು. ನೀಲಿ ಟಿಕ್ ಬಂದೂ ಉತ್ತರ ಬಾರದ್ದು. ರಾತ್ರಿ ಹನ್ನೊಂದಕ್ಕೆ "ಮಲಗಿದ್ರೇನು?" ಅಂತ ಕೇಳಿ, ಉತ್ತರ ಬರುವ ಮೊದಲೇ ಫೋನ್ ಬೋರಲು ಇಟ್ಟದ್ದು.

ನನಗೆ ಎಲ್ಲಕ್ಕಿಂತ ಇಷ್ಟ ವಾಯ್ಸ್ ಮೆಸೇಜು. ಅದರಲ್ಲಿ ಹೇಳಿದ್ದೂ ಇರುತ್ತದೆ, ಹೇಳದೇ ಇದ್ದದ್ದೂ ಇರುತ್ತದೆ.

ಮಾರ್ಚ್ ತಿಂಗಳ ಒಂದು ರಾತ್ರಿ. ತಿಕೋಟಾದ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಲು ಹಾಕಿದ್ದಾರೆ. ಕಟಾವು ಮಾಡಿದ ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ಸಾಲು ಸಾಲು ಬಲೆಗಳ ಮೇಲೆ ಹರಡಿ, ನೆರಳಲ್ಲಿ ಎರಡು ಮೂರು ವಾರ ಒಣಗಿಸಬೇಕು. ಆ ಹೊತ್ತಿನಲ್ಲಿ ಮಳೆ ಬಂತು ಅಂದರೆ ಮುಗಿಯಿತು. ತೇವ ತಾಗಿದ ಹಣ್ಣು ಕಪ್ಪಾಗುತ್ತದೆ, ದರ ಬಿದ್ದುಹೋಗುತ್ತದೆ. ಆ ರಾತ್ರಿ ಗಾಳಿ ಎದ್ದು ಮಳೆ ಹೊಡೆಯುತ್ತದೆ. ರೇಣುಕಾ ನಾಲ್ಕು ಸಲ ಫೋನ್ ಮಾಡುತ್ತಾಳೆ, ಮಲ್ಲು ಎತ್ತುವುದಿಲ್ಲ. ಹನ್ನೆರಡು ದಾಟಿದ ಮೇಲೆ ಒಂದು ವಾಯ್ಸ್ ಮೆಸೇಜು ಬರುತ್ತದೆ. ಒಂಬತ್ತು ಸೆಕೆಂಡಿನದು.

"ನಿದ್ದಿ ಹತ್ತಿತ್ತರಿ. ಇಲ್ಲಿ ಎಲ್ಲಾ ಆರಾಮ ಅದ. ನಾಳಿ ಮಾತಾಡೋಣು."

ಅವಳು ಕತ್ತಲಲ್ಲಿ ಫೋನನ್ನು ಕಿವಿಗೆ ಒತ್ತಿ ಎರಡನೇ ಸಲ ಕೇಳುತ್ತಾಳೆ. ಅವನ ದನಿಯ ಹಿಂದೆ ಏನೋ ಪಟಪಟ ಬಡಿಯುತ್ತಿದೆ. ದೊಡ್ಡ ತಾಡಪತ್ರಿ ಗಾಳಿಗೆ ಬಡಿಯುವ ಸದ್ದು. ಮೂರನೇ ಸಲ ಕೇಳಿದಾಗ ಇನ್ನೂ ಹಿಂದೆ ಯಾರೋ ಕೂಗುತ್ತಿದ್ದಾರೆ: "ಆ ಮೂಲಿ ಹಿಡೀರೋ!" ಮಲಗಿದ್ದವನ ಮನೆಯಲ್ಲಿ ಇಷ್ಟು ಸದ್ದು ಯಾಕೆ?

ಇಲ್ಲಿ ಕತೆಗಾರರು ಒಂದು ನಿರ್ಧಾರ ಮಾಡಬೇಕು. ಅವಳು ಕೂಡಲೇ ಫೋನ್ ಮಾಡಿ ಕೇಳುತ್ತಾಳಾ, ಸುಮ್ಮನಿರುತ್ತಾಳಾ? ಸುಮ್ಮನಿರಲಿ ಅಂತ ನಾನು ಹೇಳುತ್ತೇನೆ, ಆದರೆ ಅದಕ್ಕೆ ಅವಳದೇ ಕಾರಣ ಇರಬೇಕು. ಕೇಳಿದರೆ ಅವನೂ ತಿರುಗಿ ಕೇಳಬಹುದು, ನೀವೇನು ಎಲ್ಲಾ ಹೇಳೀರೇನು ಅಂತ. ತಮ್ಮನ ಫೀ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದೆ. ಓದುವವರು ಕೈ ಹಿಸುಕಿಕೊಳ್ಳುವುದು ಇಂಥ ಕಡೆ. ಇಬ್ಬರೂ ಒಳ್ಳೆಯವರು, ಇಬ್ಬರೂ ಬಾಯಿ ಬಿಡುತ್ತಿಲ್ಲ.

ಗೋಳಗುಮ್ಮಟಕ್ಕೆ ಕರಕೊಂಡು ಹೋಗುವ ಮುಂಚೆ

ವಿಜಯಪುರದ ಪ್ರೀತಿಯ ಕತೆ ಅಂದರೆ ಹತ್ತರಲ್ಲಿ ಎಂಟು ಸಲ ಜೋಡಿ ಗೋಳಗುಮ್ಮಟಕ್ಕೆ ಹೋಗುತ್ತದೆ. ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಗೋಡೆಯ ಹತ್ತಿರ ಕೂತವರಿಗೆ ಕೇಳುತ್ತದೆ ಅಲ್ವಾ, ಅದಕ್ಕೆ. ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ, ಅದರ ಕೆಳಗೆ ಸುತ್ತಲೂ ಓಡಾಡುವ ಮೊಗಸಾಲೆ. ಜಾಗ ನಿಜಕ್ಕೂ ಅದ್ಭುತ. ಆದರೆ "ಐ ಲವ್ ಯೂ" ಅಂತ ಪಿಸುಗುಟ್ಟಿ ಅದು ಆ ಕಡೆ ಕೇಳುವ ದೃಶ್ಯ ಸವೆದು ಹೋಗಿದೆ.

ಮೇಲೆ ಹತ್ತಿ ನೋಡಿ ಬಂದು ಬರೆಯಿರಿ. ರಜೆ ದಿನ ಶಾಲೆ ಮಕ್ಕಳ ಪ್ರವಾಸ ಬಂದಿರುತ್ತದೆ. ಒಬ್ಬ ಹುಡುಗ "ಹೋ" ಅಂದರೆ ಅದು ಮತ್ತೆ ಮತ್ತೆ ತಿರುಗಿ ಬರುತ್ತದೆ, ಅಷ್ಟರಲ್ಲಿ ಇನ್ನಿಪ್ಪತ್ತು ಮಕ್ಕಳು ಕೂಗಿರುತ್ತಾರೆ. ಪಿಸುಮಾತು ಎಲ್ಲಿ ಕೇಳಬೇಕು? ನಮ್ಮ ಜೋಡಿ ಬಸ್ತಾ, ಅಂದರೆ ಮದುವೆ ಬಟ್ಟೆ, ಖರೀದಿಗೆ ಮನೆಯವರ ಜೊತೆ ವಿಜಯಪುರಕ್ಕೆ ಬಂದವರು, ಅತ್ತಿಗೆಯನ್ನು ಕರಕೊಂಡು ಮೇಲೆ ಹತ್ತಿದ್ದಾರೆ. ರೇಣುಕಾ ಗೋಡೆಗೆ ಬಾಯಿಟ್ಟು ತಮ್ಮನ ಫೀ ವಿಷಯ ಹೇಳುತ್ತಾಳೆ. ಮುಖ ನೋಡಿ ಹೇಳಲು ಧೈರ್ಯ ಇಲ್ಲದೆ ಗೋಡೆಗೆ ಹೇಳುತ್ತಿದ್ದಾಳೆ. ಆ ಕಡೆ ಮಲ್ಲುವಿನ ಕಿವಿಗೆ ಮಕ್ಕಳ ಕೂಗು ಬಿಟ್ಟು ಏನೂ ಬೀಳುವುದಿಲ್ಲ. ಕೆಳಗಿಳಿಯುವಾಗ ಇಕ್ಕಟ್ಟಾದ ಮೆಟ್ಟಿಲಲ್ಲಿ ಕೇಳುತ್ತಾನೆ, "ಏನಂದ್ರಿ ಅಲ್ಲಿ?"

"ಏನಿಲ್ರಿ."

ಅವಳು ಹೇಳಿದ್ದು ಖರೆ, ಅವನಿಗೆ ಮುಟ್ಟಲಿಲ್ಲ ಅನ್ನುವುದೂ ಖರೆ. ಮುಂದಿನ ಜಗಳಕ್ಕೆ ಇದೇ ಬೀಜ.

ಮೂರನೆಯವರ ಬಗ್ಗೆಯೂ ಯೋಚಿಸಿ. ಅತ್ತಿಗೆ ಎರಡು ಹೆಜ್ಜೆ ಹಿಂದೆ ಇದ್ದಾಳೆ. ನಮ್ಮ ಕಡೆ ಇಬ್ಬರೇ ಮಾತಾಡುವುದು ಕಡಿಮೆ. ಹತ್ತಿರದಲ್ಲಿ ಯಾರದೋ ಒಂದು ಕಿವಿ ಇರುತ್ತದೆ. ಆ ಕಿವಿಗಾಗಿ ಪಾತ್ರಗಳು ಮಾತು ಬದಲಾಯಿಸುವುದನ್ನು ತೋರಿಸಿದರೆ ಒಳಗಿನದೆಲ್ಲ ತಾನಾಗಿ ಕಾಣುತ್ತದೆ.

ಜಗಳ, ಆಮೇಲೆ ಮಾತು ಬಿಡುವುದು

ಮಳೆಯ ರಾತ್ರಿಯ ಸತ್ಯ ರೇಣುಕಾಳಿಗೆ ಬೇರೆಯವರಿಂದ ಗೊತ್ತಾಗಬೇಕು. ಅವನ ತಂಗಿ ಫೋನಿನಲ್ಲಿ ಮಾತಾಡುತ್ತಾ, "ಆ ರಾತ್ರಿ ಅಣ್ಣ ಮುಂಜಾನಿತನಕ ಶೆಡ್ಡಿನಾಗ ಇದ್ದ ವೈನಿ, ಅರ್ಧ ಮಾಲು ಹೋತು" ಅಂದುಬಿಡುತ್ತಾಳೆ. ನೋವು ಆಗುವುದು ನಷ್ಟಕ್ಕಲ್ಲ. ತಂಗಿಗೆ ಗೊತ್ತು, ಆಳುಗಳಿಗೆ ಗೊತ್ತು, ತನಗೆ ಮಾತ್ರ "ಎಲ್ಲಾ ಆರಾಮ ಅದ".

ಜಗಳ ಚಿಕ್ಕದಾಗಿರಲಿ. ಹೊಸಬರು ಉದ್ದ ಜಗಳ ಆಡುವುದಿಲ್ಲ, ಇನ್ನೂ ಅಷ್ಟು ಸಲುಗೆ ಇರುವುದಿಲ್ಲ. ನಾಲ್ಕು ಸಾಲು, ಫೋನ್ ಕಟ್. ಆಮೇಲೆ ನಾಲ್ಕು ದಿನ ಮಾತಿಲ್ಲ. ಈ ನಾಲ್ಕು ದಿನ ಬರೆಯುವುದು ಕಷ್ಟ. ದಿಂಬು ಒದ್ದೆ ಮಾಡುವುದು, ಕಿಟಕಿಯಿಂದ ಹೊರಗೆ ನೋಡುವುದು ಬೇಡ. ಮಾತು ನಿಂತರೂ ನಿಲ್ಲದೆ ನಡೆದ ಕೆಲಸಗಳನ್ನು ಬರೆಯಿರಿ. ಬೀಗರು ಬೀಗರು ದಿನಾ ಫೋನಿನಲ್ಲಿ ಮಾತಾಡುತ್ತಲೇ ಇದ್ದಾರೆ. ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ, ಹೆಸರಿನ ಕಾಗುಣಿತ ನೋಡಲು ಫೋಟೊ ಕಳಿಸಿದ್ದಾರೆ. ಲ್ಯಾಬಿನಲ್ಲಿ ರೇಣುಕಾ ರಕ್ತದ ಸ್ಯಾಂಪಲ್ ಮೇಲೆ ಚೀಟಿ ಅಂಟಿಸುತ್ತಾ ಎರಡೆರಡು ಸಲ ಹೆಸರು ನೋಡುತ್ತಿದ್ದಾಳೆ. ಅವತ್ತು ಅವಳಿಗೆ ತನ್ನ ಕೈಯ ಮೇಲೂ ಭರವಸೆ ಇಲ್ಲ.

ಸರಿ ಮಾಡಿಕೊಳ್ಳುವುದು

ನಮ್ಮ ಮಂದಿ "ನನ್ನನ್ನು ಕ್ಷಮಿಸು" ಅನ್ನುವುದನ್ನು ನಾನು ಮನೆಗಳಲ್ಲಿ ಕೇಳಿಲ್ಲ. ತಪ್ಪಾತು ಅನ್ನುತ್ತಾರೆ, ಅದೂ ಒಮ್ಮೆ. ಉಳಿದದ್ದೆಲ್ಲ ಕೈಯಲ್ಲಿ ತೋರಿಸುತ್ತಾರೆ.

ಮಲ್ಲು ಬಸ್ಸಿನಲ್ಲಿ ಬರುತ್ತಾನೆ. ಒಂದು ಕೈಯಲ್ಲಿ ಕೊಲ್ಹಾರದ ಮೊಸರಿನ ಗಡಿಗೆ. ಆದರೆ ಮೊಸರು ಕೊಟ್ಟು ಕತೆ ಮುಗಿಸಬೇಡಿ, ಅದು ಆಯಿಗೆ ಕೊಟ್ಟ ಮಾತು ಅಷ್ಟೆ. ಅಂಗಿಯ ಕಿಸೆಯಿಂದ ಅವನು ಒಂದು ಕಾಗದದ ಪೊಟ್ಟಣ ತೆಗೆದು ರೇಣುಕಾಳ ಮುಂದೆ ಬಿಚ್ಚುತ್ತಾನೆ. ಕಪ್ಪಾದ ಮಣೂಕ, ಒಂದು ಮುಷ್ಟಿ.

"ಅರ್ಧ ಹಿಂಗ ಆಗ್ಯಾದ್ರಿ. ಮಾವಗ ನಾಲ್ಕ ಲಕ್ಷ ಕೊಡೂದದ. ಈ ವರ್ಷ ತೀರಂಗಿಲ್ಲ."

ಅವಳು ಒಂದು ಕಾಳು ಎತ್ತಿ ಬೆರಳಲ್ಲಿ ಒತ್ತಿ ನೋಡುತ್ತಾಳೆ. ಆಮೇಲೆ ತಮ್ಮನ ಫೀ ವಿಷಯ ಹೇಳುತ್ತಾಳೆ. ಈ ಸಲ ಗೋಡೆಗಲ್ಲ. ಆಮೇಲೆ ಕೇಳುತ್ತಾಳೆ, "ಸಾಲದ ಮಾತು ನಮ್ಮ ಅವ್ವಗ ನಾ ಹೇಳ್ಲೇನು, ನೀ ಹೇಳ್ತಿ?"

ನೋಡಿದಿರಾ, "ನೀ" ಬಂತು. ಅವಳ ಕಡೆಯಿಂದ ಬಂತು. ಈ ಒಂದು ಅಕ್ಷರಕ್ಕಾಗಿ "ಇನ್ನೊಂದು ಸ್ವಲ್ಪ ದಿನ ಹೋಗ್ಲಿರಿ" ಅಂದಲ್ಲಿಂದ ಕಾಯಿಸಿದ್ದು. ಅವಳು ಒಪ್ಪಿದಳು ಅಂತ ನೀವು ಬರೆಯಬೇಕಾಗಿಲ್ಲ. ನಾಲ್ಕು ಲಕ್ಷ ಅಂತ ಅಂಕಿಯನ್ನೇ ಹೇಳಿಸುವುದನ್ನು ಮಾತ್ರ ಮರೆಯಬೇಡಿ. "ಸ್ವಲ್ಪ ಸಾಲ ಅದ" ಅಂದರೆ ಅದು ಇನ್ನೂ ಮುಚ್ಚಿಟ್ಟಂತೆಯೇ.

ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ

ಈಗ ಬರುವ ಎಷ್ಟೋ ಕತೆಗಳಲ್ಲಿ ಹುಡುಗ ಫೋನಿನ ಪಾಸ್‌ವರ್ಡ್ ಕೇಳುತ್ತಾನೆ, ಲೊಕೇಶನ್ ಹಾಕು ಅನ್ನುತ್ತಾನೆ, ಕೆಲಸ ಬಿಡು ಅನ್ನುತ್ತಾನೆ. ಕೊಡದಿದ್ದರೆ "ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅನ್ನುತ್ತಾನೆ. ಕತೆ ಅದನ್ನು ಪ್ರೀತಿ ಅಂತ ತೋರಿಸುತ್ತದೆ. ದಯವಿಟ್ಟು ಹಾಗೆ ಬರೆಯಬೇಡಿ. ನಿಮ್ಮ ಕತೆ ಓದುವ ಇಪ್ಪತ್ತರ ಹುಡುಗಿಯ ಜೀವನದಲ್ಲಿ ಅಂಥವನೊಬ್ಬ ಇರಬಹುದು. ಅಂಥ ಪಾತ್ರ ಬರಲಿ, ಆದರೆ ಅವಳಿಗೆ ಉಸಿರು ಕಟ್ಟುವುದೂ ಅದೇ ಪುಟದಲ್ಲಿ ಕಾಣಲಿ. ಪಾಸ್‌ವರ್ಡ್ ಕೊಡಲ್ಲ ಅಂದ ಹುಡುಗಿಗೆ "ಆತ್ರಿ" ಅಂದು ಬೇರೆ ಮಾತು ತೆಗೆಯುವ ಹುಡುಗನನ್ನೂ ಬರೆಯಿರಿ. ಅಂಥವರು ನಮ್ಮ ಊರುಗಳಲ್ಲಿ ಇದ್ದಾರೆ, ಕತೆಗಳಲ್ಲೇ ಕಡಿಮೆ.

ತಿದ್ದುವಾಗ

ಬರೆದು ಮುಗಿಸಿ ಒಂದು ವಾರ ಬಿಡಿ. ಆಮೇಲೆ "ನಂಬಿಕೆ", "ವಿಶ್ವಾಸ", "ಅರ್ಥ ಮಾಡ್ಕೋ" ಅನ್ನುವ ಪದಗಳು ಎಲ್ಲೆಲ್ಲಿ ಬಂದಿವೆ ನೋಡಿ ಹೊಡೆದುಹಾಕಿ. ಹೊಡೆದ ಮೇಲೆ ಅಲ್ಲಿ ತೂತು ಬಿದ್ದರೆ ಆ ದೃಶ್ಯದಲ್ಲಿ ಕೆಲಸ ಬಾಕಿ ಇದೆ ಅಂತ ಅರ್ಥ. ಮಾತುಗಳನ್ನೆಲ್ಲ ಜೋರಾಗಿ ಓದಿ, ಸಾಧ್ಯವಾದರೆ ಆ ಕಡೆಯ ಊರಿನವರಿಂದ ಓದಿಸಿ. ಅವರ ನಾಲಿಗೆ ಎಡವಿದ ಕಡೆ ನಿಮ್ಮ ಸಾಲು ಎಡವಿದೆ.

ಕೊನೆಯದು, ಎಲ್ಲಿ ನಿಲ್ಲಿಸಬೇಕು. ಮದುವೆಯವರೆಗೆ ಹೋಗಬೇಡಿ, ಅಕ್ಕಿಕಾಳು ಬಿದ್ದ ಮೇಲೆ ಇದು ಬೇರೆ ಕತೆ. ಏಪ್ರಿಲ್‌ನಲ್ಲಿ ತೋಟದಲ್ಲಿ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಶುರುವಾಗುತ್ತದೆ. ಮಧ್ಯಾಹ್ನ ಲ್ಯಾಬಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ರೇಣುಕಾಳಿಗೆ ಒಂದು ವಾಯ್ಸ್ ಮೆಸೇಜು ಬರಲಿ. "ಚಾಟ್ನಿ ನಡದದ. ಇವತ್ತ ಎರಡ ಆಳು ಬಂದಿಲ್ಲ, ನಾನೂ ಕತ್ತರಿ ಹಿಡದೀನಿ. ಕೈಗೆ ಗುಳ್ಳಿ ಎದ್ದಾವ." ಅವಳು ಫೋನನ್ನು ಕಿವಿಗೆ ಒತ್ತಿ ಇನ್ನೊಮ್ಮೆ ಕೇಳಲಿ. ಅವನ ದನಿಯ ಹಿಂದೆ ಕತ್ತರಿಯ ಸದ್ದು. ಕಚಕ್, ಕಚಕ್. ಅಲ್ಲಿ ಪೆನ್ನು ಕೆಳಗಿಡಿ.